ಪರದೆಯ ತಳದ ಒಂದು ಸಾಲು: ಶ್ರೀಮತಿ ಚಂದ್ರಾವತಿ ಶೆಟ್ಟಿಗಾರ್ ಅವರ ಸೇವೆಯನ್ನು ನೆನೆದು

ನಮ್ಮ ದೇಶದ ಕಂಪ್ಯೂಟರ್ ಕ್ಷೇತ್ರದ ಏಳಿಗೆಯನ್ನು ಕುರಿತು ಈ ಹತ್ತು ವರ್ಷಗಳಲ್ಲಿ ಕೇಳಿಬಂದಷ್ಟು ಭಾಷಣಗಳು ಬೇರಾವ ವಿಷಯದ ಮೇಲೂ ಬಂದಿರಲಾರವು. ಅವುಗಳಲ್ಲೆಲ್ಲ ಸಾಲ್ಟ್ ಲೇಕ್ ಬಡಾವಣೆಯ ಗಾಜಿನ ಕಟ್ಟಡಗಳಿವೆ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ತರುಣ ತರುಣಿಯರಿದ್ದಾರೆ, ವಿಮಾನ ಹತ್ತಿಳಿಯುವ ಸಲಹೆಗಾರರಿದ್ದಾರೆ. ಆ ಕಟ್ಟಡಗಳು ಏಳುವುದಕ್ಕೆ ಬಹು ಮೊದಲೇ ಖಿದಿರ್‌ಪುರದ ಹಡಗುಕಟ್ಟೆಯ ಪಕ್ಕದ, ಸುಣ್ಣ ಉದುರುವ ಒಂದು ಕೋಣೆಯಲ್ಲಿ ಕುಳಿತು, ಹಡಗಿನಿಂದಿಳಿದ ಸರಕು ಎಲ್ಲಿ ಹೋಗಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಾರದು ಎಂಬುದನ್ನು ಯಂತ್ರಕ್ಕೆ ಕಲಿಸಿದ ಮೊದಲ ತಲೆಮಾರಿನವರಲ್ಲಿ ಶ್ರೀಮತಿ ಚಂದ್ರಾವತಿ ಶೆಟ್ಟಿಗಾರ್ ಅವರೂ ಒಬ್ಬರು. ಅವರ ಹೆಸರು ಯಾವ ಭಾಷಣದಲ್ಲಿಯೂ ಬಂದುದನ್ನು ನಾನು ಕೇಳಿಲ್ಲ.

ನಾವಿಬ್ಬರೂ ದುಡಿದ ನಿಗಮದ ಹೆಸರನ್ನು ಈ ಲೇಖನದಲ್ಲಿ ಬರೆಯಬಾರದೆಂದು ಅಭಿನಂದನ ಗ್ರಂಥದ ಸಂಪಾದಕರು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಕಹಿಯನ್ನು ಬಿಟ್ಟು ಸಿಹಿಯನ್ನಷ್ಟೇ ಬರೆಯಿರೆಂದೂ ಕೇಳಿಕೊಂಡರು. ಆ ಮಾತನ್ನು ನಡೆಸಿಕೊಡುವುದು ನನ್ನಿಂದಾಗದು. ಸಿಹಿಯನ್ನು ಮಾತ್ರ ಬರೆದರೆ ಈ ಸನ್ಮಾನ ಯಾರಿಗೆ, ಏತಕ್ಕೆ ಎಂಬುದೇ ಓದುಗರಿಗೆ ತಿಳಿಯಲಾರದು.

ಚಂದ್ರಾವತಿಯವರು ಕುಂದಾಪುರದ ಕಡೆಯವರು. ಬ್ಯಾಂಕಿನಲ್ಲಿದ್ದ ಪತಿಗೆ ವರ್ಗವಾದಾಗ ಎಪ್ಪತ್ತರ ದಶಕದ ನಡುವಿನಲ್ಲಿ ಬಂಗಾಳದ ಈ ಊರಿಗೆ ಬಂದು, ಬಾಲಿಗಂಜ್‌ನಲ್ಲಿ ಬಾಡಿಗೆಯ ಮನೆ ಹಿಡಿದು, ಗಣಿತದ ಪದವಿಯನ್ನು ಸುಮ್ಮನೆ ಪೆಟ್ಟಿಗೆಯಲ್ಲಿಡಲಾರದೆ ನಿಗಮದ ಪರೀಕ್ಷೆಗೆ ಕುಳಿತು ಕೆಲಸಕ್ಕೆ ಸೇರಿದರು. ಪತಿ ಅಕಾಲದಲ್ಲಿ ತೀರಿಕೊಂಡ ಮೇಲೆ ತವರಿನವರು ಕರೆದರೂ ಹೋಗಲಿಲ್ಲ. ನಾನು ಗದುಗಿನಿಂದ ಬಂದು ಅದೇ ವಿಭಾಗಕ್ಕೆ ಸೇರಿದ್ದು ಅದಾಗಿ ಬಹಳ ಕಾಲದ ನಂತರ. ಆಗ ಅವರು ನಮ್ಮ ಶಾಖೆಯ ಮೇಲಧಿಕಾರಿ. ಬಂಗಾಳಿ ಸಹೋದ್ಯೋಗಿಗಳಿಗೆ ಅವರು ‘ದೀದಿ’, ನನಗೆ ‘ಅಕ್ಕಾರು’. ಕನ್ನಡ ಕೇಳದೆ ವಾರಗಟ್ಟಲೆ ಕಳೆದಿದ್ದ ನನ್ನನ್ನು ಮೊದಲ ದಿನವೇ ಮನೆಗೆ ಕರೆದೊಯ್ದು ಕುಚಲಕ್ಕಿಯ ಗಂಜಿ ಬಡಿಸಿದರು. ಜೋಳದ ರೊಟ್ಟಿಯವನಾದ ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಅದನ್ನೂ ಅವರು ಗಮನಿಸಿ, ಮುಂದಿನ ವಾರ ಎಲ್ಲಿಂದಲೋ ಜೋಳದ ಹಿಟ್ಟು ತರಿಸಿದ್ದರು.

ಅವರ ಕೆಲಸದ ಹಿರಿಮೆಯನ್ನು ಹೇಳಬೇಕಾದರೆ ಕಂಪ್ಯೂಟರ್ ಅರಿಯದವರಿಗಾಗಿ ಒಂದು ಸಣ್ಣ ವಿವರಣೆ ಅಗತ್ಯ. ಪ್ರೋಗ್ರಾಮ್ ಬರೆಯುವವರು ಎಡಿಟರ್ ಎಂಬ ಒಂದು ತಂತ್ರಾಂಶದಲ್ಲಿ ಬರೆಯುತ್ತಾರೆ. ಪರದೆಯ ತುಂಬ ಬರಹ. ತಳದಲ್ಲಿ ಒಂದೇ ಸಾಲಿನ ಪಟ್ಟಿ. ಅದಕ್ಕೆ ಸ್ಟೇಟಸ್ ಬಾರ್ ಎಂದು ಹೆಸರು. ಯಾವ ಕಡತ ತೆರೆದಿದೆ, ಎಷ್ಟನೆಯ ಸಾಲಿನಲ್ಲಿದ್ದೀರಿ, ಬರೆದುದನ್ನು ಉಳಿಸಿದ್ದೀರೋ ಇಲ್ಲವೋ ಎಂಬುದನ್ನೆಲ್ಲ ಅದು ಹೇಳಬೇಕು. ಆದರೆ ಎಡಿಟರಿನೊಳಗೆ ಕೆಲಸ ಮಾಡುವ ಹತ್ತಾರು ಸಹಾಯಕ ಸೌಲಭ್ಯಗಳು ತಮ್ಮ ತಮ್ಮ ಹೆಸರನ್ನೂ ಅದೇ ಪಟ್ಟಿಯಲ್ಲಿ ಮೆರೆಸಿಕೊಳ್ಳುವುದರಿಂದ, ಬೇಕಾದ ಮಾತು ಮೂಲೆಗೆ ಸರಿದು ಕತ್ತರಿಸಿಹೋಗುತ್ತದೆ. ಕಚೇರಿಗಳಲ್ಲಿ ನಡೆಯುವುದೂ ಇದೇ ಎಂದು ಚಂದ್ರಾವತಿಯವರು ನಗುತ್ತಿದ್ದರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮಲ್ಲಿ ಎರಡು ಯಂತ್ರಗಳಿದ್ದವು: ಹೊಸದನ್ನು ಪರೀಕ್ಷಿಸಿ ನೋಡುವ ಪ್ರಯೋಗದ ಯಂತ್ರ ಒಂದು, ಹಡಗುಕಟ್ಟೆಯ ಕೆಲಸವನ್ನು ನಿಜವಾಗಿ ನಡೆಸುವ ಚಾಲ್ತಿಯ ಯಂತ್ರ ಇನ್ನೊಂದು. ಎರಡರಲ್ಲೂ ಕಡತಗಳ ಹೆಸರು ಒಂದೇ. ಎಡಿಟರಿನಲ್ಲಿ ತೆರೆದರೆ ಎರಡೂ ಅವಳಿ ಮಕ್ಕಳಂತೆ ಕಾಣುತ್ತವೆ. ಒಂದರಲ್ಲಿ ಮಾಡಬೇಕಾದುದನ್ನು ಇನ್ನೊಂದರಲ್ಲಿ ಮಾಡಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಎರಡು ಸಾವಿರದ ಒಂದನೆಯ ಇಸವಿಯ ದುರ್ಗಾಪೂಜೆಯ ರಜೆಯಲ್ಲಿ ಊರೆಲ್ಲ ಪಂಡಾಲುಗಳ ಮುಂದೆ ನಿಂತಿದ್ದಾಗ ಚಂದ್ರಾವತಿಯವರು ಕಚೇರಿಗೆ ಬಂದು ಆ ಒಂದು ಸಾಲನ್ನು ಹೊಸದಾಗಿ ಕಟ್ಟಿದರು. ಯಾರೂ ನೋಡದ ಸೂಚಕಗಳನ್ನು ಮರೆಮಾಡಿದರು, ಉದ್ದದ ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಿದರು. ಚಾಲ್ತಿಯ ಯಂತ್ರದ ಕಡತ ತೆರೆದರೆ ಇಡೀ ಪಟ್ಟಿ ಕೆಂಪಾಗುವಂತೆ, ಪ್ರಯೋಗದ್ದಾದರೆ ಹಸಿರಾಗಿರುವಂತೆ ಮಾಡಿದರು. ಮುಂದಿನ ವಾರಗಳಲ್ಲಿ ಒಬ್ಬೊಬ್ಬರ ಪಕ್ಕದಲ್ಲಿಯೂ ಕುರ್ಚಿ ಎಳೆದುಕೊಂಡು ಕುಳಿತು, ಅವರವರ ಅಭ್ಯಾಸಕ್ಕೆ ತಕ್ಕಂತೆ ಪಟ್ಟಿಯನ್ನು ಹೊಂದಿಸಿಕೊಟ್ಟರು. ಚಾಳೀಸು ಬಂದಿದ್ದವರಿಗೆ ಅಕ್ಷರ ದೊಡ್ಡದಾಯಿತು. ಉಳಿಸುವುದನ್ನು ಮರೆಯುವವರಿಗೆ ‘ಉಳಿಸಿಲ್ಲ’ ಎಂಬ ಗುರುತು ಎಡತುದಿಗೆ ಬಂತು. “ಎಲ್ಲವನ್ನೂ ಯಾವಾಗಲೂ ತೋರಿಸಿದ್ರೆ ಯಾರೂ ಎಂತದ್ದೂ ನೋಡುದಿಲ್ಲ” ಎನ್ನುತ್ತಿದ್ದರು. “ಬೇಕಾದದ್ದು ಬೇಕಾದಾಗ ಮಾತ್ರ ಕಣ್ಣಿಗೆ ಬೀಳ್ಬೇಕು.”

ಇನ್ನು ನನ್ನ ಸಂಗತಿ. ನನಗೆ ಹುಟ್ಟಿನಿಂದ ಕೆಂಪು ಹಸಿರುಗಳ ಭೇದ ತಿಳಿಯದು. ಮನೆಯವರಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಚಾಲ್ತಿಯ ಕಡತ ತೆರೆದೊಡನೆ ಉಳಿದವರೆಲ್ಲ ಒಂದು ಕ್ಷಣ ಕೈ ತಡೆದು ಮುಂದುವರಿಯುವುದನ್ನೂ, ನಾನು ಮಾತ್ರ ತಡೆಯದೆ ಸಾಗಿ, ಮತ್ತೆ ಹಿಂದಿರುಗಿ ಯಂತ್ರದ ಹೆಸರನ್ನು ಹುಡುಕುವುದನ್ನೂ ಅವರು ಕಂಡಿದ್ದರು. ಒಂದು ಮಧ್ಯಾಹ್ನ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಹಿಡಿದು ನನ್ನ ಮೇಜಿನ ಬಳಿ ಬಂದರು.

“ಆ ಪಟ್ಟಿ ಈಗ ಯಾವ ಬಣ್ಣ ಉಂಟು, ಬಸವಲಿಂಗಪ್ಪ?”

“ಬಣ್ಣ... ಅದ ಐತಲ್ರಿ ಅಕ್ಕಾರ, ದಿನಾ ಇರೂದು.”

ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಪಟ್ಟಿಯ ಎಡತುದಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಚಾಲ್ತಿ’ ಎಂಬರ್ಥದ ಇಂಗ್ಲಿಷ್ ಪದವಿತ್ತು. ನನ್ನ ಪರದೆಯಲ್ಲಿ ಮಾತ್ರವಲ್ಲ, ಇಡೀ ಶಾಖೆಯ ಪ್ರತಿಯೊಂದು ಪರದೆಯಲ್ಲಿಯೂ ಇತ್ತು. ನನ್ನೊಬ್ಬನಿಗೇ ಹಾಕಿದ್ದರೆ ‘ಏಕೆ’ ಎಂದು ನಾಲ್ವರು ಕೇಳುತ್ತಿದ್ದರು. ಎಲ್ಲರಿಗೂ ಹಾಕಿದ್ದರಿಂದ ಒಬ್ಬರೂ ಕೇಳಲಿಲ್ಲ. ಉಪಕಾರವನ್ನು ಹೀಗೆ ಮಾಡಬಲ್ಲವರನ್ನು ನನ್ನ ಬದುಕಿನಲ್ಲಿ ನಾನು ಇನ್ನೊಬ್ಬರನ್ನು ಕಂಡಿಲ್ಲ. ಆ ಸಾಲಿನ ಆಸರೆಯಲ್ಲಿ ಮೂರು ವರ್ಷ ಕೆಲಸ ಮಾಡಿದೆವು. ಆ ಮೂರು ವರ್ಷ ಯಾರ ಕೈಯೂ ತಪ್ಪು ಯಂತ್ರದ ಮೇಲೆ ಬೀಳಲಿಲ್ಲ.

ಆಮೇಲೆ ಆಧುನೀಕರಣ ಬಂತು. ಸಾಲ್ಟ್ ಲೇಕಿನ ಒಂದು ಸಲಹಾ ಕಂಪನಿಯನ್ನು ನಿಗಮವು ನೇಮಿಸಿಕೊಂಡಿತು. ಆ ಕಂಪನಿಯ ಪರವಾಗಿ ನಮ್ಮ ಶಾಖೆಗೆ ಬಂದವರಲ್ಲಿ ರಾಹುಲ ಎಂಬ ತರುಣನಿದ್ದನು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ. ನಮ್ಮ ಕನ್ನಡ ಬಳಗದ ಅಧ್ಯಕ್ಷರೂ ಬ್ಯಾಂಕ್ ಅಧಿಕಾರಿಗಳೂ ಆಗಿದ್ದ ಶ್ರೀ ಜಯಕರ ಅವರ ಮಗ. ಶಾಲೆಯ ದಿನಗಳಲ್ಲಿ ಚಂದ್ರಾವತಿಯವರ ಮನೆಗೆ ಬಂದು ಗಣಿತ ಹೇಳಿಸಿಕೊಂಡವನು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದನಾದರೂ ಒಳ್ಳೆಯ ಹುಡುಗನೇ. ಅವನ ಬಗ್ಗೆ ನನಗೆ ಇಂದಿಗೂ ದ್ವೇಷವಿಲ್ಲ. ಅವನ ಕಂಪನಿಯು ಎಲ್ಲರ ಎಡಿಟರೂ ಒಂದೇ ತೆರನಾಗಿರಬೇಕು, ಯಾರೂ ತಿದ್ದುಪಡಿ ಮಾಡಲಾಗದಂತೆ ಬೀಗ ಹಾಕಬೇಕು ಎಂದು ಶಿಫಾರಸು ಮಾಡಿತು. ಪಟ್ಟಿಯ ಬಲತುದಿಯಲ್ಲಿ ಒಂದು ಸಣ್ಣ ಚುಕ್ಕೆ ಮಾತ್ರ: ಚಾಲ್ತಿಗೆ ಕೆಂಪು, ಪ್ರಯೋಗಕ್ಕೆ ಹಸಿರು. ನೋಡಲು ಬಹಳ ಅಂದವಾಗಿತ್ತು ಎಂದು ನೋಡಬಲ್ಲವರು ಹೇಳಿದರು.

ಸಭೆಯಲ್ಲಿ ಚಂದ್ರಾವತಿಯವರೊಬ್ಬರೇ ಎದ್ದು, ಬಣ್ಣ ಕಾಣದವರಿಗಾಗಿ ಅಕ್ಷರವೂ ಇರಬೇಕೆಂದು ವಿರೋಧಿಸಿದರು. ನಮ್ಮ ವಿಭಾಗದ ಮುಖ್ಯಸ್ಥರಾದ ಹಾಲ್ದಾರ್ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಶೆಟ್ಟಿಗಾರ್ ಮೇಡಂ, ಬಣ್ಣ ಕಾಣದವರು ನಮ್ಮ ವಿಭಾಗದಲ್ಲಿ ಯಾರಿದ್ದಾರೆ? ಒಬ್ಬರ ಹೆಸರು ಹೇಳಿ, ಚುಕ್ಕೆ ತೆಗೆಸುತ್ತೇನೆ.”

“ಹೆಸರು ಹೇಳುವುದಿಲ್ಲ. ಯಾರೂ ಇಲ್ಲದಿದ್ದರೂ ಅಕ್ಷರ ಬೇಕು. ಅಷ್ಟು ಸಣ್ಣ ಚುಕ್ಕೆ ಕಣ್ಣು ಚೆನ್ನಾಗಿರುವವರಿಗೂ ಕಾಣುವುದಿಲ್ಲ.”

“ಅಂದರೆ ಯಾರೂ ಇಲ್ಲ.”

ನಾನು ಎದ್ದು ನಿಂತೆ. “ನಾನಿದ್ದೇನೆ ಸರ್” ಎಂದೆ. ಹಿಂದಿನ ಸಾಲಿನಿಂದ ಕಿಸಕ್ಕೆಂದು ಒಂದು ನಗೆ ಕೇಳಿಸಿತು. ಯಾರೋ ಒಬ್ಬರು ಮೇಜಿನ ಮೇಲಿದ್ದ ಫೈಲೊಂದನ್ನು ಎತ್ತಿಹಿಡಿದು “ಇದು ಯಾವ ಬಣ್ಣ ಹೇಳಿ ನೋಡೋಣ” ಎಂದರು. ಜಾತ್ರೆಯಲ್ಲಿ ಕೋತಿಯನ್ನು ಕೇಳಿದಂತೆ ಕೇಳಿದರು. ನಾನು ತಪ್ಪು ಹೇಳಿದೆನೆಂದು ಅವರ ನಗುವಿನಿಂದಲೇ ತಿಳಿಯಿತು. ಹಾಲ್ದಾರ್ ಅವರು ಚುಕ್ಕೆಯನ್ನು ತೆಗೆಸಲಿಲ್ಲ. “ಒಬ್ಬರಿಗಾಗಿ ಮಾನದಂಡ ಬದಲಾಗದು” ಎಂದರು. ಸ್ವಲ್ಪ ಹೊತ್ತಿನ ಹಿಂದೆ ಅವರು ಕೇಳಿದ್ದು ಒಬ್ಬರ ಹೆಸರನ್ನೇ ಎಂಬುದನ್ನು ಉಳಿದವರಾರೂ ನೆನಪಿಸಲಿಲ್ಲ. ಚಂದ್ರಾವತಿಯವರು ನೆನಪಿಸಿದರು, ಆದರೆ ಅಷ್ಟರಲ್ಲಿ ಸಭೆ ಎದ್ದಿತ್ತು.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಆಗಬೇಕಾದದ್ದು ಆಯಿತು. ಒಂದು ಮಧ್ಯಾಹ್ನ, ಹೊಸ ಪ್ರೋಗ್ರಾಮನ್ನು ಪರೀಕ್ಷಿಸುವುದಕ್ಕಾಗಿ ರಾಹುಲನು ಸರಕಿನ ಪಟ್ಟಿಯೊಂದನ್ನು ತೆರೆದು, ಅಪಾಯದ ಸರಕೆಂಬ ಗುರುತುಗಳನ್ನೆಲ್ಲ ತೆಗೆದು ‘ಸಾಮಾನ್ಯ’ ಎಂದು ಮಾಡಿ ನೋಡಿದನು. ಪ್ರಯೋಗದ ಯಂತ್ರವೆಂದು ಅವನು ತಿಳಿದಿದ್ದ. ತೆರೆದದ್ದು ಚಾಲ್ತಿಯ ಯಂತ್ರದ ಕಡತ. ಅವನ ಕಣ್ಣುಗಳು ನಿರ್ದೋಷವಾಗಿದ್ದವು. ಚುಕ್ಕೆ ಕೆಂಪಾಗಿಯೇ ಇತ್ತು. ಅವನು ಅತ್ತ ನೋಡಲಿಲ್ಲ, ಅಷ್ಟೇ. ಆ ಸಂಜೆಯ ಪಾಳಿಯವರು ಅದೇ ಪಟ್ಟಿಯನ್ನು ನಂಬಿ ಆಮ್ಲ ತುಂಬಿದ ಪೀಪಾಯಿಗಳನ್ನು ಎಣ್ಣೆಯ ಪೀಪಾಯಿಗಳಂತೆ ಇಳಿಸಿದರು. ಒಂದು ಒಡೆಯಿತು. ಮೋತಿಉರ್ ಎಂಬ ಕೂಲಿಗಾರನ ಎಡಗಾಲು ಮೊಣಕಾಲಿನ ಕೆಳಗೆ ಸುಟ್ಟುಹೋಯಿತು.

ವಿಭಾಗಕ್ಕೆ ಸುದ್ದಿ ಮುಟ್ಟಿದಾಗ ಮೊದಲು ಕೇಳಿಬಂದ ಪ್ರಶ್ನೆ ಆ ಮನುಷ್ಯ ಹೇಗಿದ್ದಾನೆಂಬುದಲ್ಲ, ತಪ್ಪನ್ನು ಯಾರ ಮೇಲೆ ಹಾಕುವುದೆಂಬುದು. ಉತ್ತರ ಸಿದ್ಧವಾಗಿತ್ತು. ಆ ಬದಲಾವಣೆ ನಡೆದ ಪರದೆಯ ಮುಂದೆ ಬೆಳಗ್ಗೆ ನಾನು ಕುಳಿತಿದ್ದೆ. ಶಾಖೆಯಲ್ಲಿ ಕೆಲಸ ಮಾಡುವವರೆಲ್ಲ ಒಂದೇ ಬಳಕೆದಾರನ ಹೆಸರಿನಿಂದ ಕಂಪ್ಯೂಟರಿನೊಳಕ್ಕೆ ಹೋಗುತ್ತಿದ್ದುದರಿಂದ ಯಾರು ಯಾವಾಗ ಏನು ಮಾಡಿದರೆಂಬುದು ತಿಳಿಯುವಂತಿರಲಿಲ್ಲ. ಮತ್ತು ನನಗೆ ಬಣ್ಣ ಕಾಣದೆಂದು ತುಂಬಿದ ಸಭೆಯಲ್ಲಿ ನಾನೇ ಹೇಳಿಕೊಂಡಿದ್ದೆ. ನನ್ನನ್ನು ಅಮಾನತಿನಲ್ಲಿಟ್ಟರು. ಆದರೆ ಆ ಮಧ್ಯಾಹ್ನ ನಾನಿದ್ದದ್ದು ಚಂದ್ರಾವತಿಯವರ ಕೋಣೆಯಲ್ಲಿ, ಅವರ ಎದುರಿಗೆ. ಗಾಜಿನಾಚೆ ಆ ಪರದೆಯ ಮುಂದೆ ರಾಹುಲ ಕುಳಿತಿದ್ದುದನ್ನು ಅವರು ತಮ್ಮ ಕಣ್ಣಿನಿಂದ ನೋಡಿದ್ದರು.

ವಿಚಾರಣೆಗೆ ಮುನ್ನ ಹಾಲ್ದಾರ್ ಅವರು ಚಂದ್ರಾವತಿಯವರನ್ನು ಕರೆಸಿ, ಉಪಮುಖ್ಯಸ್ಥರ ಹುದ್ದೆಗೆ ಅವರ ಹೆಸರು ಮೇಲಕ್ಕೆ ಹೋಗಿರುವುದನ್ನು ನೆನಪಿಸಿದರು. ಬೇರೇನನ್ನೂ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಆ ಭಾನುವಾರ ಜಯಕರ ಅವರು ಬಾಲಿಗಂಜ್‌ನ ಮನೆಗೆ ಬಂದರು. ಈ ಮಾತುಕತೆಯನ್ನು ಚಂದ್ರಾವತಿಯವರು ನನಗೆ ಎಂದೂ ಹೇಳಿದವರಲ್ಲ. ಆ ಹೊತ್ತಿಗೆ ನನ್ನ ಹೆಂಡತಿ ಸುಭದ್ರಾ, ಚಂದ್ರಾವತಿಯವರನ್ನು ಕಾಣಲು ಹೋಗಿ ಅಡುಗೆಮನೆಯಲ್ಲಿದ್ದಳು, ಕೇಳಿಸಿಕೊಂಡವಳು ಅವಳು.

“ಅವನಿಗೆ ಕಲಿಸಿದವರು ನೀವು ಚಂದ್ರಕ್ಕ. ಈಗ ನೀವೇ ಅವನ ಹೆಸರು ಹೇಳಿದ್ರೆ ಹೇಗೆ? ಬಸವಲಿಂಗಪ್ಪಂದು ಪಬ್ಲಿಕ್ ಸೆಕ್ಟರ್ ಕೆಲಸ, ಹೆಚ್ಚೆಂದ್ರೆ ಒಂದು ಇನ್‌ಕ್ರಿಮೆಂಟ್ ಹೋದೀತು. ನಮ್ಮವನದ್ದು ಪ್ರೈವೇಟ್. ನಾಳೆಯೇ ತೆಗ್ದು ಹಾಕ್ತಾರೆ.”

“ಮೋತಿಉರ್‌ನದ್ದು ಕಾಲು, ಜಯಕರಣ್ಣ. ಅದು ಯಾವುದಕ್ಕೆ ಸೇರ್ತದೆ? ಪಬ್ಲಿಕ್ಕಾ, ಪ್ರೈವೇಟಾ?”

ಜಯಕರ ಅವರು ಚಹಾ ಕುಡಿಯದೆ ಎದ್ದರಂತೆ.

ವಿಚಾರಣೆಯಲ್ಲಿ ಚಂದ್ರಾವತಿಯವರು ಕಂಡದ್ದನ್ನು ಕಂಡಂತೆ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ತಪ್ಪು ಆ ಹುಡುಗನದಲ್ಲ, ಅಷ್ಟು ದೊಡ್ಡ ಭೇದವನ್ನು ಅಷ್ಟು ಸಣ್ಣ ಚುಕ್ಕೆಯಲ್ಲಿ ಅಡಗಿಸಿದವರದು, ಎಚ್ಚರಿಸಿದ ಮೇಲೂ ಅದಕ್ಕೆ ಒಪ್ಪಿಗೆ ಕೊಟ್ಟವರದು. ತಪ್ಪು ರಾಹುಲನ ಮೇಲೆ ಬಿದ್ದಿದ್ದರೆ ಚಂದ್ರಾವತಿಯವರಿಗೆ ಬಡ್ತಿ ಸಿಗುತ್ತಿತ್ತೋ ಏನೋ, ನನ್ನ ಮೇಲೆ ಬಿದ್ದಿದ್ದರಂತೂ ಖಂಡಿತ ಸಿಗುತ್ತಿತ್ತು. ಹಾಲ್ದಾರ್ ಅವರ ಮೇಲೆ ಬೀಳಬೇಕಾದುದನ್ನು ಅವರ ಮೇಲೆಯೇ ಹಾಕಿದ ಅಧಿಕಾರಿಗೆ ಯಾವ ನಿಗಮದಲ್ಲಿಯೂ ಬಡ್ತಿಯಿಲ್ಲ.

ಪರಿಣಾಮವೇನಾಯಿತು? ಹೇಳಿಬಿಡುತ್ತೇನೆ. ವರದಿಯಲ್ಲಿ ‘ತಾಂತ್ರಿಕ ಕಾರಣ’ ಎಂದು ಬರೆದರು. ನನ್ನ ಅಮಾನತು ರದ್ದಾಯಿತು, ಆದರೆ ದೃಷ್ಟಿದೋಷದ ಕಾರಣ ಕೊಟ್ಟು ನನ್ನನ್ನು ದಾಖಲೆಗಳ ಕೋಣೆಗೆ ಕಳುಹಿಸಿದರು. ಅಂದಿನಿಂದ ನಾನು ಒಂದು ಸಾಲು ಪ್ರೋಗ್ರಾಮನ್ನೂ ಬರೆದಿಲ್ಲ. ರಾಹುಲನನ್ನು ಅವನ ಕಂಪನಿ ಪುಣೆಗೆ ಕಳುಹಿಸಿತು. ಉಪಮುಖ್ಯಸ್ಥರ ಹುದ್ದೆ ಚಂದ್ರಾವತಿಯವರಿಗಿಂತ ಒಂಬತ್ತು ವರ್ಷ ಕಿರಿಯರೊಬ್ಬರಿಗೆ ಹೋಯಿತು. ಅವರನ್ನು ಎಸ್ಪ್ಲನೇಡ್‌ನ ಮುಖ್ಯ ಕಚೇರಿಗೆ ‘ವಿಶೇಷ ಕರ್ತವ್ಯ’ದ ಮೇಲೆ ವರ್ಗಾಯಿಸಿದರು. ಆ ವಿಶೇಷ ಕರ್ತವ್ಯಕ್ಕೆ ಒಂದು ಕುರ್ಚಿಯಿತ್ತು, ಜವಾನನನ್ನು ಕರೆಯಲು ಒಂದು ಗಂಟೆಯಿತ್ತು, ಕಂಪ್ಯೂಟರ್ ಇರಲಿಲ್ಲ. ನಮ್ಮ ಕನ್ನಡ ಬಳಗದ ಕಾರ್ಯಕಾರಿ ಸಮಿತಿಯ ಪಟ್ಟಿಯಿಂದ ಮರುವರ್ಷ ಅವರ ಹೆಸರು ಬಿಟ್ಟುಹೋಯಿತು. ರಾಜ್ಯೋತ್ಸವದ ಆಮಂತ್ರಣ ಅಂಚೆಯಲ್ಲಿ ಎಲ್ಲಿಯೋ ತಪ್ಪಿಹೋಗುತ್ತಲೇ ಇತ್ತು. ಅಂಗಡಿಬೀದಿಯಲ್ಲಿ ಎದುರಾದ ಕನ್ನಡದವರು ಮೀನಿನ ಬೆಲೆಯನ್ನು ವಿಚಾರಿಸುತ್ತ ಬೇರೆ ಕಡೆ ನೋಡಿದರು. ಮೀನು ತಿನ್ನದವರೂ ವಿಚಾರಿಸಿದರು.

ಮೋತಿಉರ್‌ನನ್ನು ಕಾಣಲು ಆಸ್ಪತ್ರೆಗೆ ಹೋದ ಅಧಿಕಾರಿ ಚಂದ್ರಾವತಿಯವರೊಬ್ಬರೇ. ಮೊದಲ ಸಲ ಹೋದಾಗ ಅವನ ಹೆಂಡತಿ ಇವರನ್ನು ಒಳಗೆ ಬಿಡಲಿಲ್ಲ, ಕಚೇರಿಯ ಕಡೆಯವರೆಂದು ಬೈದು ಕಳುಹಿಸಿದಳು. ಇವರು ಬೈಗಳನ್ನು ಕೇಳಿಸಿಕೊಂಡು, ಮರುವಾರ ಮತ್ತೆ ಹೋದರು. ಪರಿಹಾರಕ್ಕಾಗಿ ಅವನು ಹಾಕಿದ ಮೊಕದ್ದಮೆಯಲ್ಲಿ ನಿಗಮದ ನೌಕರಿಯಲ್ಲಿದ್ದುಕೊಂಡೇ ನಿಗಮದ ವಿರುದ್ಧ ಸಾಕ್ಷಿ ನುಡಿದರು. ಅವನು ಈಗ ಕೋಲೂರಿ ನಡೆಯುತ್ತಾನೆ. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಕಳೆದ ವರ್ಷ ನಿಗಮವು ‘ಸುರಕ್ಷಾ ಸೂಚಕ’ ಎಂಬ ಹೊಸ ವ್ಯವಸ್ಥೆಯನ್ನು ಜಾರಿಗೆ ತಂದಿತು. ಇನ್ನೊಂದು ಸಲಹಾ ಕಂಪನಿಯ ಶಿಫಾರಸು. ಎಡಿಟರಿನ ಪಟ್ಟಿಯಲ್ಲಿ ಬೇಡದ ಸೂಚಕಗಳನ್ನು ಮರೆಮಾಡುವುದು, ಯಂತ್ರದ ಹೆಸರನ್ನು ಬಣ್ಣದಲ್ಲಿ ಮಾತ್ರವಲ್ಲದೆ ದಪ್ಪ ಅಕ್ಷರದಲ್ಲಿಯೂ ಎಡತುದಿಯಲ್ಲಿ ತೋರಿಸುವುದು, ಪ್ರತಿಯೊಬ್ಬ ಬಳಕೆದಾರನೂ ತನಗೆ ತಕ್ಕಂತೆ ಹೊಂದಿಸಿಕೊಳ್ಳಲು ಅವಕಾಶ ಕೊಡುವುದು. ದೊಡ್ಡ ಹೋಟೆಲೊಂದರಲ್ಲಿ ಸಮಾರಂಭ ನಡೆಯಿತು. ಹಾಲ್ದಾರ್ ಅವರಿಗೆ ಫಲಕ ದೊರೆಯಿತು. ಅದರ ಚಿತ್ರ ಬಂದಿದ್ದ ಪತ್ರಿಕೆಯನ್ನು ಒಯ್ದು ತೋರಿಸಿದೆ. ಚಂದ್ರಾವತಿಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಪರವಾಗಿಲ್ಲ, ಸರಿಯಾಗಿಯೇ ಮಾಡಿದ್ದಾರೆ. ಆ ಉದ್ದ ಹೆಸರುಗಳನ್ನು ಇನ್ನೂ ಸ್ವಲ್ಪ ಕಡಿಮೆ ಮಾಡ್ಬಹುದಿತ್ತು” ಎಂದರು. ನನಗೆ ಅಳುವೇ ಬಂತು. ಅವರಿಗೆ ಬರಲಿಲ್ಲ.

ಈ ಮಾರ್ಚ್ ತಿಂಗಳ ಕೊನೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಅಧಿಕಾರಿಯೊಬ್ಬರು ಅವರನ್ನು ‘ಚಂದ್ರಮತಿ’ ಎಂದು ಕರೆದು, ಶಾಲು ಹೊದಿಸಿ, ಇನ್ನೊಂದು ಸಭೆಗೆ ಹೊತ್ತಾಯಿತೆಂದು ಹೊರಟುಹೋದರು. ಈಗ ಅವರ ಬಾಲಿಗಂಜ್‌ನ ಮನೆಗೆ ದೃಷ್ಟಿ ಮಂದವಾದ ಕೆಲವರು ಬರುತ್ತಾರೆ. ಅವರವರ ಕಣ್ಣಿಗೆ ತಕ್ಕಂತೆ ಎಡಿಟರನ್ನು ಹೊಂದಿಸಿಕೊಟ್ಟು ಬರೆಯಲು ಕಲಿಸುತ್ತಿದ್ದಾರೆ. ಆ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಈ ಸಂಪುಟದ ಪ್ರಸ್ತಾಪವನ್ನು ಹೊತ್ತು ಅವರ ಮನೆಗೆ ಹೋದವರು ಬಳಗದ ಅಧ್ಯಕ್ಷರಾದ ಜಯಕರ ಅವರೇ. ನಾನೂ ಜೊತೆಯಲ್ಲಿದ್ದೆ. ಅವರು ಬಳಗದ ಸುವರ್ಣ ವರ್ಷದ ಮಾತಾಡಿದರು, ಹಿರಿಯರನ್ನು ಗೌರವಿಸುವ ಸಂಪ್ರದಾಯದ ಮಾತಾಡಿದರು. ಆಡಬೇಕಾಗಿದ್ದ ಒಂದು ಮಾತನ್ನು ಮಾತ್ರ ಆಡಲಿಲ್ಲ. ಚಂದ್ರಾವತಿಯವರು ರಾಹುಲ ಹೇಗಿದ್ದಾನೆಂದು ವಿಚಾರಿಸಿದರು, ಚಹಾ ಕೊಟ್ಟರು, ಸನ್ಮಾನಕ್ಕೆ ಒಪ್ಪಿದರು. ಜಯಕರ ಅವರು ಇಳಿದು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

“ಯಾಕ ಒಪ್ಪಿದ್ರಿ ಅಕ್ಕಾರ? ಇಷ್ಟ ಮಾಡಿದವರು ಇವರು. ಒಲ್ಲೆ ಅನ್ನಬೇಕಾಗಿತ್ತು.”

“ಬೇಡ ಅಂದ್ರೆ ಅವರಿಗೆ ಸುಲಭ ಆಗ್ತದೆ, ಬಸವಲಿಂಗಪ್ಪ. ಕರ್ದೆವು, ಬರ್ಲಿಲ್ಲ ಅಂತ ಮುಗಿಸ್ತಾರೆ” ಎಂದು ಅವರು ಲೋಟಗಳನ್ನು ಒಟ್ಟುಮಾಡಿದರು. “ನಾನು ಹೋಗ್ತೇನೆ. ವೇದಿಕೆಯ ಮೇಲೆ ಕೂತ್ಕೊಳ್ತೇನೆ. ಹೊಗಳ್ಲಿ. ನನ್ನ ಮುಖ ನೋಡಿ ಹೊಗಳ್ಲಿ.”

ಆದ್ದರಿಂದ ಅಭಿನಂದನ ಗ್ರಂಥದ ಲೇಖಕರೆಲ್ಲ ಕೊನೆಯಲ್ಲಿ ಕೋರುವುದನ್ನು ನಾನೂ ಕೋರುತ್ತೇನೆ, ಮತ್ತು ಅವರೆಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಕೋರುತ್ತೇನೆ. ಮಾನ್ಯ ಚಂದ್ರಾವತಿ ಶೆಟ್ಟಿಗಾರ್ ಅವರು ಇನ್ನೂ ಬಹುಕಾಲ ಆರೋಗ್ಯದಿಂದ ಬಾಳಲಿ. ಅವರ ಕೈ, ಕಣ್ಣು, ಕೆಲಸ ಮೂರೂ ಮುಪ್ಪಾಗದಿರಲಿ. ಈ ಊರಿನ ಪ್ರತಿಯೊಂದು ಸಭೆಯ ಮೊದಲ ಸಾಲಿನಲ್ಲಿ ಅವರು ಬಂದು ಕುಳಿತಿರಲಿ. ಅವರ ಮುಖ ನೋಡಲಾರದವರು ನೋಡುತ್ತಲೇ ಇರಬೇಕಾಗಿ ಬರಲಿ.